ಹೊಸಪೇಟೆ–ಕೊಟ್ಟೂರು ರೈಲುಮಾರ್ಗ

ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಹಾದುಹೋಗುವ, ಸುಮಾರು 70 ಕಿ.ಮೀ. ಉದ್ದದ ಮಾರ್ಗ. 1876–78ರ ಭೀಕರ ಬರದ ತರುವಾಯ, ಧಾನ್ಯ ಸಾಗಿಸಲು ರೈಲು ಬೇಕೆಂದು 1880ರ ಕ್ಷಾಮ ಆಯೋಗ ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಸಪೇಟೆ–ಕೊಟ್ಟೂರು ಮೀಟರ್ ಗೇಜ್ ಮಾರ್ಗ ತೆರೆದದ್ದು 1905ರಲ್ಲಿ. ಬಳ್ಳಾರಿಯಿಂದ ದಕ್ಷಿಣಕ್ಕೆ ರಾಯದುರ್ಗದತ್ತ ಹೋಗುವ ಮಾರ್ಗವೂ ಅದೇ ವರ್ಷದ್ದು.

ಹಳಿ ಹರಿಹರದವರೆಗೆ ಮುಂದುವರಿಯದೆ ಕೊಟ್ಟೂರಿನಲ್ಲೇ ನಿಂತದ್ದೇಕೆ ಎಂಬುದನ್ನು ರಾಜಕೀಯ ಭೂಪಟದ ಜೊತೆಗಿಟ್ಟು ನೋಡಬೇಕು. ಕೊಟ್ಟೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ ಆ ಗಡಿ ಅಳಿದರೂ ಎರಡು ಊರುಗಳ ನಡುವೆ ಹಳಿ ಬೀಳಲು ಮತ್ತೆ ಆರು ದಶಕ ಹಿಡಿಯಿತು. ಇಷ್ಟು ದೀರ್ಘ ವಿಳಂಬಕ್ಕೆ ಸಮರ್ಥನೆ ಸಿಗದು.

ಈ ಮಾರ್ಗವನ್ನು 'ಪಾಳುಬಿದ್ದ ಮಾರ್ಗ' ಎಂದು ಕರೆಯುವ ರೂಢಿಯಿದೆ. ಇದನ್ನು ಬಿಡಿಸಿ ಹೇಳುವುದು ಅಗತ್ಯ. 1990ರ ದಶಕದಲ್ಲಿ ಗೇಜ್ ಪರಿವರ್ತನೆಗಾಗಿ ಮೀಟರ್ ಗೇಜ್ ಗಾಡಿ ನಿಂತಿತು. ಬ್ರಾಡ್ ಗೇಜ್ ಹಳಿ ಬಂದ ಮೇಲೂ ಪ್ರಯಾಣಿಕರ ಗಾಡಿ ಬರಲಿಲ್ಲ. ಸಂಡೂರು ಕಡೆಯ ಸ್ವಾಮಿಹಳ್ಳಿಗೆ ಕವಲು ಒಡೆಯುವ ಗುಂಡಾರೋಡ್‌ವರೆಗಿನ ಹಳಿ ಅದಿರು ಸಾಗಣೆಗೆ ಒದಗಿತು. ಜನರಿಗೆ ಮಾತ್ರ ರೈಲು ಇಲ್ಲವಾಯಿತು. ಹಗರಿಬೊಮ್ಮನಹಳ್ಳಿಯ ವ್ಯಾಪಾರಿಗಳು, ಕೊಟ್ಟೂರೇಶ್ವರನ ತೇರಿಗೆ ಬರುವ ಭಕ್ತರು ಬಸ್ಸನ್ನೇ ನೆಚ್ಚಿದರು. ಹಾಗಾಗಿ ಖಾಲಿಯಾದದ್ದು ನಿಲ್ದಾಣಗಳೇ ಹೊರತು ಊರುಗಳಲ್ಲ.

ಈ ಸೀಮೆಯಲ್ಲಿ ನಿಜವಾಗಿ ಇಲ್ಲವಾದ ಊರು ನಾರಾಯಣದೇವರಕೆರೆ. ಅದಕ್ಕೆ ಕಾರಣ ರೈಲಲ್ಲ, 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು. ಊರು ಹಿನ್ನೀರಿನಲ್ಲಿ ಮುಳುಗಿ, ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಮುಳುಗಡೆಯ ಈ ಕಥೆಯನ್ನೂ ರೈಲು ನಿಂತ ಕಥೆಯನ್ನೂ ಬೆರೆಸಬಾರದು. ಎರಡರ ನಡುವೆ ನಾಲ್ಕು ದಶಕಗಳ ಅಂತರವಿದೆ.

ಕೊಟ್ಟೂರು–ಹರಿಹರ ಹೊಸ ಮಾರ್ಗ ಮುಗಿದ ಮೇಲೆ, 2019ರ ಅಕ್ಟೋಬರ್‌ನಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಹೊರಟಿತು. ಮರುವರ್ಷ ಮಾರ್ಚ್‌ನಲ್ಲಿ ಕೋವಿಡ್ ಕಾರಣ ದೇಶದ ಎಲ್ಲ ಪ್ರಯಾಣಿಕ ಗಾಡಿಗಳು ನಿಂತಾಗ ಇದೂ ನಿಂತು, ಆಮೇಲೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಂದಿನಿಂದ ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮೂರೂ ಆ ಜಿಲ್ಲೆಗೆ ಸೇರಿವೆ.