ಅಂಬಾಸಿಡರ್ ಎಂಜಿನ್ನಿನ ಎಣ್ಣೆ ಸೋರಿಕೆ

ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಅಂಬಾಸಿಡರ್ ಕಾರಿಗೆ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಎಣ್ಣೆ ಸೋರುವುದು ಹುಟ್ಟುಗುಣವೆಂದೇ ಹೇಳಬೇಕು. ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ತಿರುಪುಗೆರೆಯೇ ತಿರುಗುತ್ತ ಎಣ್ಣೆಯನ್ನು ಒಳಕ್ಕೆ ತಳ್ಳುತ್ತಿತ್ತು. ಎಂಜಿನ್ ನಿಂತರೆ ಆ ತಡೆಯೂ ನಿಂತು ಹನಿ ಜಿನುಗುತ್ತಿತ್ತು.

 

ಸೋರಿಕೆಯ ಮೂಲ ಹುಡುಕುವುದೇ ಅರ್ಧ ಕೆಲಸ. ಎಣ್ಣೆ ಕೆಳಗಿಳಿದು ಗಾಳಿಗೆ ಹಿಂದಕ್ಕೆ ಹರಡುವುದರಿಂದ, ಒದ್ದೆಯಾದ ಜಾಗವೆಲ್ಲ ಸೋರುವ ಜಾಗವಲ್ಲ. ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಎಂಜಿನ್ ಓಡಿಸಿ, ಮೊದಲು ಎಲ್ಲಿ ಜಿನುಗುತ್ತದೆಂದು ಮೇಲಿನಿಂದ ನೋಡಬೇಕು. ಸಾಮಾನ್ಯವಾಗಿ ಸಿಗುವ ಕಳ್ಳ ಟ್ಯಾಪೆಟ್ ಕವರಿನ ಕಾರ್ಕ್ ಗ್ಯಾಸ್ಕೆಟ್. ವರ್ಷಗಳ ಕಾವಿಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ನಟ್ಟನ್ನು ಇನ್ನಷ್ಟು ಬಿಗಿದರೆ ಕಾರ್ಕ್ ಹಿಂಡಿ ಒಡೆಯುತ್ತದೆ. ಹಳೆಯದನ್ನು ಕೆರೆದು ತೆಗೆದು ಹೊಸದನ್ನು ಕೂರಿಸಿ ಹದವಾಗಿ ಬಿಗಿಯುವುದೇ ಸರಿ. ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹೊಸ ಗ್ಯಾಸ್ಕೆಟ್ಟಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ.