ಮರಳಿನಡಿ ಮರೆಯಾದ ರಾಜಧಾನಿ

ಕೇರಳದ ಕೋಯಿಕ್ಕೋಡಿನಿಂದ ಹೊರಟು, ವಯನಾಡಿನ ಘಟ್ಟವೇರಿ, ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿರುಮಕೂಡಲು ನರಸೀಪುರಗಳ ಮೂಲಕ ಕೊಳ್ಳೇಗಾಲ ಸೇರುವ ರಸ್ತೆಯೊಂದಿದೆ. ಹಿಂದೆ 212 ಎಂದಿದ್ದ ಈ ರಾಷ್ಟ್ರೀಯ ಹೆದ್ದಾರಿಯ ಈಗಿನ ಸಂಖ್ಯೆ 766. ದಾರಿಯುದ್ದಕ್ಕೂ ಹಳೆಯ ಊರುಗಳು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೊಡ್ಡ ದೇಗುಲ. ಕಪಿಲೆಗೆ ಅಡ್ಡಲಾಗಿ 1735ರಲ್ಲಿ ಮೈಸೂರಿನ ದಳವಾಯಿಗಳು ಕಟ್ಟಿಸಿದ ಕಲ್ಲಿನ ಸೇತುವೆ. ತಿ. ನರಸೀಪುರದಲ್ಲಿ ಅದೇ ಕಪಿಲೆ ಕಾವೇರಿಯನ್ನು ಸೇರುವ ಸಂಗಮ. 1960ರ ಸುಮಾರಿಗೆ ಆ ಸಂಗಮದ ದಂಡೆಯಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರ ಮಡಕೆಗಳು, ಸಮಾಧಿಗಳು ದೊರೆತವು.

ಅಂದರೆ ನಿಂತ ನೆಲದ ಕೆಳಗೆ ಇನ್ನೊಂದು ಊರಿರುವುದು ಈ ಸೀಮೆಗೆ ಹೊಸದಲ್ಲ. ಆದರೆ ಸಂಗಮದಿಂದ ಕಾವೇರಿಯ ಜಾಡು ಹಿಡಿದು ಕೆಳಕ್ಕೆ ಸಾಗಿದರೆ ಸಿಗುವ ತಲಕಾಡಿನಲ್ಲಿ ಕಾಣೆಯಾಗಿರುವುದು ಸಣ್ಣ ಹಳ್ಳಿಯಲ್ಲ, ಒಂದು ರಾಜಧಾನಿ. ಅದು ಹೇಗೆ ಕಾಣೆಯಾಯಿತು ಎಂದು ಕೇಳಿದರೆ ಮೈಸೂರು ಸೀಮೆಯ ಮಕ್ಕಳೂ ಉತ್ತರ ಹೇಳುತ್ತಾರೆ: ಅಲಮೇಲಮ್ಮನ ಶಾಪ.

ಮೂರು ಮನೆತನಗಳ ಊರು

ಕೋಲಾರದಿಂದ ಬಂದ ಗಂಗರು ತಲಕಾಡನ್ನು ರಾಜಧಾನಿ ಮಾಡಿಕೊಂಡದ್ದು ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಎಂಬುದು ಸಾಮಾನ್ಯ ಅಭಿಪ್ರಾಯ. ಶಾಸನಗಳಲ್ಲಿ ಅದು ತಲವನಪುರ. ಸುಮಾರು ಆರು ಶತಮಾನ ಗಂಗರ ಹೆಸರಿನೊಡನೆ ಬೆಸೆದುಕೊಂಡಿದ್ದ ಊರನ್ನು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ರಾಜರಾಜಪುರವೆಂದು ಕರೆದರು. 1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಅಲ್ಲಿಂದ ಹೊರಹಾಕಿದ. ಆ ಗೆಲುವನ್ನು ಅವನೆಷ್ಟು ದೊಡ್ಡದೆಂದು ಬಗೆದನೆಂದರೆ, ‘ತಲಕಾಡುಗೊಂಡ’ ಎಂಬುದನ್ನೇ ಬಿರುದಾಗಿ ಧರಿಸಿದ. ಅದರ ನೆನಪಿಗೆ ಅಲ್ಲಿ ಕೀರ್ತಿನಾರಾಯಣ ದೇಗುಲವನ್ನು ಕಟ್ಟಿಸಿದ. ಮುಂದೆ ಊರು ವಿಜಯನಗರದ ಆಳ್ವಿಕೆಗೆ ಸೇರಿತು. ಶಾಪದ ಕಥೆ ಆರಂಭವಾಗುವುದು ಆ ಸಾಮ್ರಾಜ್ಯ ಕುಗ್ಗುತ್ತಿದ್ದ ಕಾಲದಲ್ಲಿ.

1610ರ ಕಥೆ

ವಿಜಯನಗರದ ಪರವಾಗಿ ಶ್ರೀರಂಗಪಟ್ಟಣವನ್ನು ಆಳುತ್ತಿದ್ದ ಪ್ರತಿನಿಧಿಯ ಹೆಸರು ಕೆಲವು ಕಥನಗಳಲ್ಲಿ ತಿರುಮಲರಾಜ, ಇನ್ನು ಕೆಲವದರಲ್ಲಿ ಶ್ರೀರಂಗರಾಯ. ಬೆನ್ನಿನ ಹುಣ್ಣಿನಿಂದ ನರಳುತ್ತಿದ್ದ ಅವನು ವೈದ್ಯೇಶ್ವರನ ಮೊರೆಹೊಗಲು ತಲಕಾಡಿಗೆ ಹೋದ, ಆಗ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರಿತು ಎನ್ನುವುದು ಒಂದು ಕಥನ. ಒಡೆಯರು ಅದನ್ನು ಬಲದಿಂದಲೇ ಗೆದ್ದರು ಎನ್ನುವುದು ಇನ್ನೊಂದು. ವರ್ಷದ ಬಗ್ಗೆ ತಕರಾರಿಲ್ಲ: 1610. ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದೂ ಅದೇ ವರ್ಷ.

ಪ್ರತಿನಿಧಿಯ ಮಡದಿ ಅಲಮೇಲಮ್ಮ. ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ವಿಶೇಷ ದಿನಗಳಲ್ಲಿ ತೊಡಿಸುತ್ತಿದ್ದ ಒಡವೆಗಳು ಅವಳ ಬಳಿ ಇದ್ದವು. ಅವನ್ನು ತರಲು ಒಡೆಯರು ಆಳುಗಳನ್ನು ಕಳುಹಿಸಿದರು. ಮುತ್ತಿನ ಮೂಗುತಿಯೊಂದನ್ನು ಕೊಟ್ಟ ಅಲಮೇಲಮ್ಮ ಉಳಿದ ಒಡವೆಗಳನ್ನು ಮಡಿಲಿಗೆ ಕಟ್ಟಿಕೊಂಡು, ತಲಕಾಡಿನ ಎದುರು ದಡದ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ಮೂರು ಶಾಪ ಕೊಟ್ಟಳಂತೆ. ತಲಕಾಡು ಮರಳಿನಲ್ಲಿ ಹೂತುಹೋಗಬೇಕು, ಮಾಲಂಗಿಯಲ್ಲಿ ನದಿ ಆಳದ ಮಡುವಾಗಬೇಕು, ಮೈಸೂರು ದೊರೆಗಳಿಗೆ ಮಕ್ಕಳಾಗಬಾರದು.

ರಾಜ ಒಡೆಯರು ಪಶ್ಚಾತ್ತಾಪದಿಂದ ಅಲಮೇಲಮ್ಮನ ಪ್ರತಿಮೆ ಮಾಡಿಸಿ ಪೂಜಿಸಿದರು ಎನ್ನುತ್ತದೆ ಪರಂಪರೆ. ಅರಮನೆಯಲ್ಲಿ ನವರಾತ್ರಿಯ ವೇಳೆ ಆ ಪ್ರತಿಮೆಗೆ ಪೂಜೆ ಸಲ್ಲುತ್ತ ಬಂದಿದೆ. ಗೆದ್ದವರೇ ಸೋತವಳನ್ನು ಪೂಜಿಸುವ ಇಂಥ ಉದಾಹರಣೆ ಇತಿಹಾಸದಲ್ಲಿ ಅಪರೂಪ.

ಅಳತೆಗೆ ಸಿಕ್ಕ ಮರಳು

ತಲಕಾಡನ್ನು ಮರಳು ನುಂಗಿದ್ದು ನಿಜ. ನದಿಯ ಬದಿಯಲ್ಲಿ ಸುಮಾರು ಒಂದು ಮೈಲಿ ಉದ್ದಕ್ಕೆ ದಿಬ್ಬಗಳು ಹಬ್ಬಿವೆ. ಹಳೆಯ ಕೋಟೆಯೂ ದೇವಾಲಯಗಳೂ ಅದರಡಿ ಸೇರಿದವು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಹೂತುಹೋಗಿವೆ ಎಂಬ ಮಾತು ಹಳೆಯ ಗೆಜೆಟಿಯರುಗಳಲ್ಲೇ ದಾಖಲಾಗಿದೆ.

ಅದೇ ದಾಖಲೆಗಳಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ವಿವರವಿದೆ. ಬ್ರಿಟಿಷರ ಕಾಲದಲ್ಲಿ, ಅಂದರೆ ಶಾಪದ ಕಾಲದಿಂದ ಮುನ್ನೂರು ವರ್ಷ ಕಳೆಯುತ್ತ ಬಂದಾಗಲೂ ಮರಳು ನಿಂತಿರಲಿಲ್ಲ. ನೈರುತ್ಯ ಮಾರುತದ ತಿಂಗಳುಗಳಲ್ಲಿ ಅದು ವರ್ಷಕ್ಕೆ 9ರಿಂದ 10 ಅಡಿಯಂತೆ ಊರಿನತ್ತ ಸರಿಯುತ್ತಿತ್ತು. ದಿಬ್ಬಗಳು ಮೂರು ಕಡೆಯಿಂದ ಒತ್ತರಿಸಿ ಬಂದಂತೆ ಜನ ಮನೆ ತೊರೆದು ಹಿಂದಕ್ಕೆ ಹೋಗಿ ಹೊಸ ಮನೆ ಕಟ್ಟಿಕೊಳ್ಳುತ್ತಿದ್ದರು.

ಲೆಕ್ಕ ಹಾಕಿ ನೋಡಬಹುದು. ದಿಬ್ಬದಿಂದ ಮೂವತ್ತು ಅಡಿ ದೂರದಲ್ಲಿ ಮನೆಯಿದ್ದವನಿಗೆ ಮೂರು ವರ್ಷದ ಅವಧಿ. ಮುನ್ನೂರು ಅಡಿ ದೂರದಲ್ಲಿದ್ದರೆ ಮೂವತ್ತು ವರ್ಷ. ತೊಲೆ, ಬಾಗಿಲು, ಹೆಂಚು ಬಿಚ್ಚಿಕೊಂಡು ಹೋಗಲು ಬೇಕಾದಷ್ಟು ಸಮಯ. ಹಾಗಾಗಿ ತಲಕಾಡು ಒಂದು ರಾತ್ರಿಯಲ್ಲಿ ಮುಳುಗಿದ ಊರಲ್ಲ, ತಲೆಮಾರುಗಳುದ್ದಕ್ಕೂ ಹಿಂದೆ ಸರಿಯುತ್ತ ಬಂದ ಊರು. ಎತ್ತಿಕೊಂಡು ಹೋಗಲಾಗದ ಕಲ್ಲಿನ ಗುಡಿಗಳು ಮಾತ್ರ ಇದ್ದಲ್ಲೇ ಉಳಿದವು.

ಮರಳು ಬಂದದ್ದೆಲ್ಲಿಂದ?

ನದಿ ತಿರುವು ತೆಗೆದುಕೊಳ್ಳುವಾಗ ಹೊರಬದಿಯಲ್ಲಿ ನೀರಿನ ವೇಗ ಹೆಚ್ಚು. ಅಲ್ಲಿ ದಡ ಕೊರೆದು ಮಡುವಾಗುತ್ತದೆ. ಒಳಬದಿಯಲ್ಲಿ ವೇಗ ಕಡಿಮೆ; ಹೊತ್ತು ತಂದ ಮರಳನ್ನು ನೀರು ಅಲ್ಲಿ ಇಳಿಸುತ್ತದೆ. ಸಂಗಮದಲ್ಲಿ ಕಪಿಲೆಯನ್ನು ಕೂಡಿಕೊಂಡು ಬರುವ ಕಾವೇರಿ ತಲಕಾಡಿನ ಬಳಿ ಬಳಸಿ ಹರಿಯುತ್ತದೆ. ಒಳಬದಿಯಲ್ಲಿರುವುದು ತಲಕಾಡು, ಹೊರಬದಿಯಲ್ಲಿರುವುದು ಮಾಲಂಗಿ. ಮೊದಲ ಎರಡು ಶಾಪಗಳೂ ಒಂದೇ ತಿರುವಿನ ಎರಡು ದಡಗಳು.

ಆದರೆ ನದಿಯ ತಿರುವು ಗಂಗರ ಕಾಲದಲ್ಲೂ ಇತ್ತಲ್ಲ? ಆಗ ಇಲ್ಲದ ಮರಳು ಆಮೇಲೆ ಏಕೆ ಬಂತು? ಕೃಷಿ ವಿಜ್ಞಾನಿ ಹಾಗೂ ಕಾದಂಬರಿಕಾರ ಕೆ.ಎನ್. ಗಣೇಶಯ್ಯ 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಅವರು ಬೊಟ್ಟು ಮಾಡಿದ್ದು ಮಾಧವ ಮಂತ್ರಿ ಕಟ್ಟೆಯತ್ತ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಂತ್ರಿ ಮಾಧವ, ತಲಕಾಡಿಗಿಂತ ಮೇಲೆ ಕಾವೇರಿಗೆ ಒಡ್ಡು ಹಾಕಿಸಿ ನಾಲೆ ತೆಗೆಸಿದ. ಒಡ್ಡಿನ ಕೆಳಗೆ ನದಿಯ ಹರಿವು ಇಳಿಯಿತು. ಮೊದಲು ನೀರಿನಡಿ ಇದ್ದ ಮರಳು ಬಿಸಿಲಿಗೆ ತೆರೆದುಕೊಂಡು ಒಣಗಿತು. ನೈರುತ್ಯದ ಗಾಳಿ ಅದನ್ನು ಎತ್ತಿ, ಗಾಳಿಗೆ ಎದುರಾಗಿದ್ದ ಊರಿನ ಮೇಲೆ ಸುರಿಯಿತು. ಭೂಮಿಯ ಒಳಪದರಗಳ ಚಲನೆಯಿಂದ ನದಿಯ ಹರಿವು ಬದಲಾಗಿದ್ದೂ ಕಾರಣವಿರಬಹುದು ಎನ್ನುವ ಭೂವಿಜ್ಞಾನಿಗಳಿದ್ದಾರೆ. ಎರಡು ವಾದಗಳಲ್ಲಿಯೂ ಮರಳಿನ ಮೂಲ ನದಿಯ ಪಾತ್ರವೇ.

ಕಟ್ಟೆಯ ವಾದವನ್ನು ಒಪ್ಪಿದರೆ ಒಂದು ವಿಚಿತ್ರ ಎದುರಾಗುತ್ತದೆ. ಮರಳು ಊರನ್ನು ಒತ್ತುತ್ತಿದ್ದ ಕಾಲದಲ್ಲೇ ತಲಕಾಡಿನ ಜನಸಂಖ್ಯೆ ಏರುತ್ತಿತ್ತೆಂದು ಗೆಜೆಟಿಯರು ಹೇಳುತ್ತದೆ. ಅದಕ್ಕೆ ಅದು ಕೊಡುವ ಕಾರಣ ಮಾಧವ ಮಂತ್ರಿ ನಾಲೆಯಿಂದ ಬೆಳೆದ ಗದ್ದೆ ಬೇಸಾಯ. ಹಳೆಯ ಊರಿಗೆ ಮರಳು ತಂದ ಕಟ್ಟೆಯೇ ಹೊಸ ಊರಿಗೆ ಭತ್ತವನ್ನೂ ತಂದಿತು. ಬೆನ್ನ ಹಿಂದೆ ಮನೆ ಹೂತುಹೋಗುತ್ತಿದ್ದರೂ ಜನ ಸೀಮೆ ಬಿಟ್ಟು ಹೋಗದಿದ್ದುದು ಕಣ್ಣೆದುರಿನ ಗದ್ದೆಯ ಬಲದಿಂದ.

ಮೂರನೆಯ ಶಾಪ

ಮೈಸೂರು ಅರಸರ ವಂಶಾವಳಿಯಲ್ಲಿ ದತ್ತು ಸ್ವೀಕಾರ ಮತ್ತೆ ಮತ್ತೆ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ಯದುವೀರರ ದತ್ತು ನಡೆಯಿತು.

ಶಾಪಕ್ಕೆ ಹೊಂದದ ಪುಟಗಳೂ ಅದೇ ವಂಶಾವಳಿಯಲ್ಲಿವೆ. ಚಿಕ್ಕದೇವರಾಜ ಒಡೆಯರ ನಂತರ 1704ರಲ್ಲಿ ಅವರ ಮಗ, 1714ರಲ್ಲಿ ಮೊಮ್ಮಗ ಪಟ್ಟವೇರಿದರು. ಚಾಮರಾಜೇಂದ್ರರಿಗೆ ನಾಲ್ವಡಿಯವರು ಮಗ. ಜಯಚಾಮರಾಜರಿಗೆ ಶ್ರೀಕಂಠದತ್ತರು ಮಗ. 2017ರ ಡಿಸೆಂಬರ್‌ನಲ್ಲಿ ಯದುವೀರರಿಗೆ ಮಗ ಹುಟ್ಟಿದಾಗ ಶಾಪ ವಿಮೋಚನೆಯಾಯಿತೆಂದು ಎಲ್ಲೆಡೆ ಮಾತಾಯಿತು. ಹಾಗೆ ನೋಡಿದರೆ ಅದು ಅಷ್ಟು ಹೊತ್ತಿಗೆ ಹಲವು ಸಲ ವಿಮೋಚನೆಯಾಗಿತ್ತು. ಹೊಂದುವ ಪ್ರಸಂಗಗಳನ್ನು ಜನ ನೆನಪಿಟ್ಟರು, ಹೊಂದದವನ್ನು ಮರೆತರು.

ಮೇಲೆದ್ದ ಗುಡಿಗಳು

1990ರ ದಶಕದ ಆರಂಭದಲ್ಲಿ ತಲಕಾಡಿನಲ್ಲಿ ಉತ್ಖನನ ನಡೆಯಿತು. ಕೀರ್ತಿನಾರಾಯಣ ದೇಗುಲವನ್ನು ಮರಳಿನಿಂದ ಬಿಡಿಸಿ ಸಂರಕ್ಷಿಸಲಾಗಿದೆ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿರುವ ಅದನ್ನು ಇಂದು ಮೇಲಿನಿಂದ ಇಳಿದು ನೋಡಬೇಕು. ವಿಷ್ಣುವರ್ಧನ ನಡೆದಾಡಿದ ನೆಲಮಟ್ಟ ಅದು. ದಿಬ್ಬಗಳ ಮೇಲೆ ಈಗ ನೀಲಗಿರಿ ತೋಪುಗಳಿವೆ.

ಕಾರ್ತಿಕ ಮಾಸದ ಸೋಮವಾರದಂದು ವಿಶೇಷ ಯೋಗ ಕೂಡಿಬಂದ ವರ್ಷಗಳಲ್ಲಿ ಇಲ್ಲಿ ಪಂಚಲಿಂಗ ದರ್ಶನ ನಡೆಯುತ್ತದೆ. ಹಿಂದೆ 2013ರಲ್ಲಿ, ಬಳಿಕ ಕೊರೊನಾ ನಡುವೆಯೇ 2020ರಲ್ಲಿ ನಡೆದಿತ್ತು. ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ ಹಾಗೂ ಮುಡುಕುತೊರೆಯ ಮಲ್ಲಿಕಾರ್ಜುನನನ್ನು ನೋಡಲು ಬರುವ ಭಕ್ತರು ಮರಳಿನ ದಿಬ್ಬಗಳನ್ನು ತುಳಿದೇ ಹೋಗಬೇಕು.

ದಾರಿಯಲ್ಲಿ ಅಲಮೇಲಮ್ಮನ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಕಟ್ಟೆ ಕಟ್ಟಿಸಿದ ಮಂತ್ರಿಯ ಹೆಸರನ್ನು ನಾಲೆ ಉಳಿಸಿಕೊಂಡಿದೆ. ತಲೆಮಾರಿಗೊಮ್ಮೆ ತೊಲೆ, ಬಾಗಿಲು ಹೊತ್ತು ಹಿಂದಕ್ಕೆ ಸರಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಅವರು ಕಟ್ಟಿಕೊಂಡ ತಲಕಾಡು ಮಾತ್ರ ದಿಬ್ಬಗಳ ಆಚೆ, ಗದ್ದೆಗಳ ಪಕ್ಕದಲ್ಲಿ, ಇಂದಿಗೂ ಇದೆ.