ಹಬ್ಬದ ಸಂತೋಷವೂ ಒಂದು ಆಧ್ಯಾತ್ಮಿಕ ಸಾಧನೆ

ಜಪಸರ, ಉಪವಾಸ, ಶಿಲುಬೆಹಾದಿ ಇವುಗಳನ್ನು ನಾವು ಆಧ್ಯಾತ್ಮಿಕ ಸಾಧನೆಗಳೆಂದು ಸುಲಭವಾಗಿ ಒಪ್ಪುತ್ತೇವೆ. ಹಬ್ಬದ ಊಟವನ್ನು ಮಾತ್ರ ಬಲಿಪೂಜೆಯ ನಂತರದ ಲೌಕಿಕ ವಿಷಯವೆಂದು ಬದಿಗಿಡುತ್ತೇವೆ. ಪವಿತ್ರ ಗ್ರಂಥವಾಗಲಿ ಧರ್ಮಸಭೆಯ ಸಂಪ್ರದಾಯವಾಗಲಿ ಇವೆರಡನ್ನು ಹೀಗೆ ಬೇರ್ಪಡಿಸಿಲ್ಲ. ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕರು ಆಚರಿಸುವ ಮೊಂತಿ ಫೆಸ್ತ್ ಇದಕ್ಕೆ ನಮ್ಮ ಮನೆಯಂಗಳದ ನಿದರ್ಶನ.

ಪವಿತ್ರ ಗ್ರಂಥದಲ್ಲಿ

ಸೆರೆವಾಸದಿಂದ ಹಿಂದಿರುಗಿದ ಜನರ ಮುಂದೆ ಎಜ್ರನು ಧರ್ಮಶಾಸ್ತ್ರವನ್ನು ಓದಿದಾಗ ಅವರು ಅತ್ತರು. ಆದರೆ ಅವರಿಗೆ ಉಪವಾಸ ಮಾಡಲು ಹೇಳಲಿಲ್ಲ. ಹೋಗಿ ಹಬ್ಬದ ಊಟ ಮಾಡಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿ ಎಂದು ಹೇಳಲಾಯಿತು (ನೆಹೆಮೀಯ 8:9-12). ಸುಗ್ಗಿ ಹಬ್ಬದ ಪಂಕ್ತಿಯಲ್ಲಿ ಆಳುಗಳು, ಪರದೇಶಿಗಳು, ಅನಾಥರು, ವಿಧವೆಯರು ಎಲ್ಲರೂ ಇರಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ (16:13-14).

ಲೂಕನ ಶುಭಸಂದೇಶದ 15ನೇ ಅಧ್ಯಾಯದ ಮೂರು ಸಾಮತಿಗಳೂ ಸಂಭ್ರಮದಲ್ಲಿ ಕೊನೆಗೊಳ್ಳುತ್ತವೆ. ಕುರಿ ಸಿಕ್ಕಿದ ಕುರುಬ, ನಾಣ್ಯ ಸಿಕ್ಕಿದ ಹೆಂಗಸು ಇಬ್ಬರೂ ನೆರೆಹೊರೆಯವರನ್ನು ಕರೆಯುತ್ತಾರೆ. ಮೂರನೆಯದರಲ್ಲಿ ಒಬ್ಬನು ಮಾತ್ರ ಹೊರಗೆ ನಿಲ್ಲುತ್ತಾನೆ. ಹಿರಿಯ ಮಗ ದುಡಿಮೆಯಲ್ಲಿ ಯಾವ ಲೋಪವನ್ನೂ ಮಾಡಿರಲಿಲ್ಲ. ಆದರೆ ತಮ್ಮನ ಸಲುವಾಗಿ ಸಂತೋಷಪಡಲು ಅವನಿಂದಾಗಲಿಲ್ಲ. ಚರ್ಚಿನ ಕೆಲಸದಲ್ಲಿ ಸದಾ ಮುಂದಿರುವ ನಮ್ಮಂಥವರು ಆತ್ಮಶೋಧನೆ ಮಾಡಿಕೊಳ್ಳಬೇಕಾದ ಸ್ಥಳ ಇದು.

ಧರ್ಮಸಭೆಯ ಬೋಧನೆಯಲ್ಲಿ

ಆಗಮನ ಕಾಲದ ಮೂರನೇ ಭಾನುವಾರ ಮತ್ತು ತಪಸ್ಸುಕಾಲದ ನಾಲ್ಕನೇ ಭಾನುವಾರಗಳನ್ನು ಧರ್ಮಸಭೆ ಆನಂದದ ಭಾನುವಾರಗಳಾಗಿ ಇರಿಸಿದೆ. ಅಂದು ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸಬಹುದು. 1975ರ ಪವಿತ್ರ ವರ್ಷದಲ್ಲಿ ಪೋಪ್ ಆರನೇ ಪೌಲರು ಕ್ರೈಸ್ತ ಆನಂದದ ಬಗ್ಗೆಯೇ 'ಗಾವ್ದೇತೆ ಇನ್ ದೊಮಿನೊ' ಎಂಬ ಪ್ರೇರಣಾಪತ್ರ ಬರೆದರು. ಆಧುನಿಕ ಸಮಾಜ ಸುಖದ ಅವಕಾಶಗಳನ್ನು ಹೆಚ್ಚಿಸಿದರೂ ಆನಂದವನ್ನು ಹುಟ್ಟಿಸಲು ಕಷ್ಟಪಡುತ್ತಿದೆ ಎಂಬುದು ಅವರ ಎಚ್ಚರಿಕೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ತಮ್ಮ 'ಎವಾಂಜೆಲಿ ಗಾವ್ದಿಯುಂ' ಪತ್ರದಲ್ಲಿ ಶುಭಸಂದೇಶದ ಆನಂದವನ್ನೇ ಪ್ರೇಷಿತಕಾರ್ಯದ ಮೂಲವಾಗಿ ತೋರಿಸಿದರು.

ಮೊಂತಿ ಫೆಸ್ತಿನಲ್ಲಿ

ಕನ್ಯಾ ಮರಿಯಮ್ಮನವರ ಜನ್ಮದಿನದ ಈ ಹಬ್ಬಕ್ಕೆ ಒಂಬತ್ತು ದಿನಗಳ ನೊವೆನಾ. ಮಕ್ಕಳು ಹೂಗಳನ್ನು ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಗಳಿಗೆ ಹಂಚಲಾಗುತ್ತದೆ. ಮನೆಯಲ್ಲಿ ಎಲ್ಲರೂ ಅಲ್ತಾರಿನ ಮುಂದೆ ಸೇರಿ ಪ್ರಾರ್ಥಿಸಿ, ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಸ್ವೀಕರಿಸುತ್ತಾರೆ. ನಂತರ ಬಾಳೆ ಎಲೆಯಲ್ಲಿ ತರಕಾರಿಗಳ ಊಟ. ಪರವೂರಿನಲ್ಲಿರುವ ಮಕ್ಕಳಿಗೆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ರೂಢಿಯೂ ಇದೆ.

ಇಲ್ಲಿನ ಕ್ರಮವನ್ನು ಗಮನಿಸಿ: ಮೊದಲು ಸ್ತುತಿ, ಆಮೇಲೆ ಪಾಲು, ಕೊನೆಗೆ ಊಟ. ಪಾಲು ತಪ್ಪಿದರೆ ಉಳಿಯುವುದು ಊಟ ಮಾತ್ರ.

ಧರ್ಮಕೇಂದ್ರಗಳಲ್ಲಿ ಏನು ಮಾಡಬಹುದು?

• ವರ್ಷದೊಳಗೆ ಸಾವು ಸಂಭವಿಸಿದ ಮನೆಯಲ್ಲಿ ಹಬ್ಬವಿಲ್ಲ ಎನ್ನುವುದುಂಟು. ಆ ಮನೆಗೆ ಗೌಜು ಬೇಡ. ತೆನೆಯನ್ನೂ ಪಾಯಸವನ್ನೂ ಒಯ್ದು ಸ್ವಲ್ಪ ಹೊತ್ತು ಕುಳಿತು ಬನ್ನಿ. ಸಂತ ಪೌಲರು ಆನಂದದ ಕರೆ ನೀಡಿದ್ದು ಸೆರೆಯಿಂದಲೇ (ಫಿಲಿಪ್ಪಿಯರಿಗೆ 4:4).

• ಮಕ್ಕಳೆಲ್ಲ ಗಲ್ಫ್ ದೇಶಗಳಲ್ಲಿದ್ದು ಒಬ್ಬರೇ ಉಣ್ಣುವ ಹಿರಿಯರ ಪಟ್ಟಿಯನ್ನು ಗುರಿಕಾರರು ಹಬ್ಬಕ್ಕೆ ಮುಂಚೆಯೇ ಮಾಡಲಿ. ಪ್ರತಿಯೊಬ್ಬರಿಗೂ ಒಂದು ಮನೆಯ ಕರೆ ಇರಲಿ.

• ಸಾಲ ಮಾಡಿ ಹಬ್ಬ ಮಾಡುವ ಒತ್ತಡವನ್ನು ಯಾರ ಮೇಲೂ ಹೇರದಿರೋಣ. ತೆನೆಗೆ ಬೆಲೆಯಿಲ್ಲ, ಅದು ಎಲ್ಲರಿಗೂ ಒಂದೇ.

• ಊಟಕ್ಕೆ ಮುಂಚೆ ಕಿರಿಯರಿಂದ ಹಿರಿಯರವರೆಗೆ ಪ್ರತಿಯೊಬ್ಬರೂ ದೇವರಿಗೆ ಒಂದು ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಲಿ.

ಈ ಬಾರಿ ಎಲೆ ಹಾಕುವಾಗ ಒಂದು ಎಲೆ ಹೆಚ್ಚಿಗೆ ಹಾಕೋಣ. ಅದಕ್ಕೆ ಯಾರನ್ನು ಕರೆಯಬೇಕೆಂದು ನೊವೆನಾದ ದಿನಗಳಲ್ಲೇ ಪ್ರಾರ್ಥಿಸಿ ನಿರ್ಧರಿಸೋಣ.